ಬೀಗದ ಕೈ

ನಲವತ್ಮೂರು ಬೀಗದ ಕೈ ನನ್ನ ಸೊಂಟದಲ್ಲಿ.
ಏಳಕ್ಕೆ ಬೀಗವೇ ಇಲ್ಲ ಈಗ; ಬಾಗಿಲು ಹೋದವು, ಗೋಡೆ ಹೋದವು,
ಎಸೆಯಲು ಮನಸ್ಸು ಬಾರದು.
ಪುಂತಾ ಅರೇನಾಸಿನ ಈ ಶಾಲೆಯಲ್ಲಿ ನಾನು ನಡೆದರೆ
ದನದ ಕೊರಳ ಗಂಟೆಯ ಹಾಗೆ ಸದ್ದು.
ಹಿತ್ತಲಲ್ಲಿ ಸಿಗರೇಟು ಆರಿಸಲು ಹುಡುಗರಿಗೆ ಅಷ್ಟು ಹೊತ್ತು ಸಾಕು.

ಜೂನ್ ತಿಂಗಳು. ಇಲ್ಲಿ ಬೆಳಗಾಗುವುದೇ ಹತ್ತಕ್ಕೆ.
ಏಳನೆಯ ತರಗತಿಯ ಆ ಮಗುವನ್ನು
ನೀರಿನ ಬಾಟಲಿಯಿಂದ ಗುರುತು ಹಿಡಿದೆ.
ತುಂಬಿ ಬಂದದ್ದು ಸಂಜೆ ತುಂಬಿಯೇ ಹೋಗುತ್ತಿತ್ತು.

ಮಗು ಎಂದರೆ ಮಾತಿಗೆ ಕಷ್ಟವಿಲ್ಲ:
ಬಂತು, ಕೂತಿತು, ಹೋಯಿತು.
ಕಷ್ಟವೆಲ್ಲ ಪಡಸಾಲೆಯ ಕೊನೆಯ ಎರಡು ಬಾಗಿಲುಗಳಲ್ಲಿ.
ಒಂದರ ಮೇಲೆ ಟೋಪಿ, ಇನ್ನೊಂದರ ಮೇಲೆ ಬೀಸಣಿಗೆ.
ಬರೆದವನು ನಾನೇ, ಹತ್ತೊಂಬತ್ತು ವರ್ಷದ ಹಿಂದೆ,
ತಮ್ಮನ ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ.
ಅವುಗಳ ನಡುವೆ ಬಗ್ಗಿ
ಮಗು ಬೂಟಿನ ಲೇಸು ಬಿಚ್ಚುವುದು, ಕಟ್ಟುವುದು,
ಬಿಚ್ಚುವುದು, ಕಟ್ಟುವುದು,
ಗಂಟೆ ಹೊಡೆಯುವ ತನಕ.

ಒಂದು ಗುರುವಾರ ಆಟದ ಹಾಲಿನಲ್ಲಿ ಕುಸಿಯಿತು.
"ಮೂತ್ರ ಕಟ್ಟಿ ಕಟ್ಟಿ ಜ್ವರ," ಅಂದಳು ನರ್ಸಮ್ಮ,
ನನ್ನತ್ತ ನೋಡದೆ, ಟೋಪಿ ಬೀಸಣಿಗೆಗಳತ್ತ ನೋಡಿ.

ಜ್ವರ ಬಿಟ್ಟ ಮೇಲೆ ಮೂವತ್ತೊಂದನೆಯ ಕೈ ಬಳೆಯಿಂದ ಕಳಚಿದೆ.
ಬಾಯ್ಲರಿನ ಹಿಂದೆ, ನನ್ನದೇ ಪಾಯಿಖಾನೆ.
"ಹೆಸರೇನು?"
"ಹಾಜರಿ ಪುಸ್ತಕದ್ದಾ, ನನ್ನದಾ?"
"ನಿನ್ನದು."
"ಆನ್ಸೆಲ್ಮೊ. ಅಜ್ಜನ ಹೆಸರು.
ದಿನಕ್ಕೆ ನೂರೈವತ್ತು ಕುರಿಗಳ ಉಣ್ಣೆ ತೆಗೀತಿದ್ದ,
ಒಂದಕ್ಕೂ ಗಾಯ ಮಾಡ್ತಿರಲಿಲ್ಲ."
ಅಂದಿನಿಂದ ಮಗು ನನ್ನ ಬಾಯಲ್ಲಿ ಅವನು.
ಎರಡು ಸಲ ಎಡವಿದೆ. ಅರವತ್ತೆರಡರ ನಾಲಿಗೆ,
ಎದ್ದು ಮತ್ತೆ ನಡೆಯಿತು.

ಬೀಗ ಕಾಯುವವನು ಆ ವಾರವೆಲ್ಲ ಬೀಗಿದ್ದೇ ಬೀಗಿದ್ದು.

ಮೂರನೆಯ ವಾರ ಬಂದ.
ನನ್ನ ಮಾತೆ ಬುರುಡೆಯ ಪಕ್ಕ ಕೈ ಇಟ್ಟ.
"ದೋನ್ ಬಾಲ್ದೊ, ಅಲ್ಲಿ ಕತ್ತಲು. ದೂರ.
ಎಲ್ಲಿಗೆ ಹೋಗ್ತೀಯ ಅಂತ ದಿನಾ ಕೇಳ್ತಾರೆ,
ದಿನಾ ಒಂದು ಸುಳ್ಳು.
ಎಲ್ಲರೂ ಹೋಗೋ ಕಡೆ ಹೋಗಬೇಕು ನನಗೆ. ಉಚ್ಚೆಗೆ. ಅಷ್ಟೆ."
ಬಾಗಿಲು ತೆರೆಯುವುದಕ್ಕೂ ಇದೇ ಕೈ,
ಬಚ್ಚಿಟ್ಟು ಮುಚ್ಚುವುದಕ್ಕೂ ಇದೇ.
ಇಷ್ಟು ವರ್ಷ ಸೊಂಟದಲ್ಲಿ ಹೊತ್ತವನಿಗೆ
ಹನ್ನೆರಡರ ಹುಡುಗ ಹೇಳಿಕೊಡಬೇಕಾಯಿತು.

ಸಭೆ ಸೇರಿತು. ಕುರ್ಚಿ ಜೋಡಿಸಿದವನು ನಾನು.
ಒಬ್ಬ ಅಪ್ಪ ನಮ್ಮ ಕಾಲದಲ್ಲಿ ಎಂದು ಶುರುಮಾಡಿ
ತನ್ನ ಕಾಲ ಎಲ್ಲಿತ್ತೆಂದು ಮರೆತು ಕೂತ.
ಆನ್ಸೆಲ್ಮೊನ ತಾಯಿ ಏಡಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದಿದ್ದಳು,
ಬೆರಳಿಗೆಲ್ಲ ಪಟ್ಟಿ, ಮೈಗೆ ಸಮುದ್ರದ ವಾಸನೆ.
"ನಮ್ಮ ಮನೇಲಿ ಐದು ಜನ. ಪಾಯಿಖಾನೆ ಒಂದು.
ಇನ್ನೂ ಯಾರೂ ಸತ್ತಿಲ್ಲ," ಅಂದಳು.
ಯಾರೋ ನಕ್ಕರು. ಯಾರೋ ಎದ್ದು ಹೋದರು.
ಮುಖ್ಯೋಪಾಧ್ಯಾಯಿನಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿ
"ಸೋಮವಾರದಿಂದ" ಅಂದರು.

ಸೋಮವಾರ ಅವನು ಟೋಪಿಯ ಬಾಗಿಲ ಮುಂದೆ ನಿಂತ.
ಲೇಸಿಗೆ ಕೈ ಹೋಗುವಷ್ಟರಲ್ಲಿ ಯೆರ್ಕೊ,
ಎಂಥ ಪೋಕರಿ ಅವನು, ಭುಜಕ್ಕೆ ಭುಜ ತಾಗಿಸಿ
"ನಡಿಯೋ, ನನಗೂ ಅವಸರ" ಅಂದ.

ಎಲ್ಲ ಸರಿಹೋಗಿಲ್ಲ. ಹಾಜರಿಯಲ್ಲಿ ಹಳೆಯ ಹೆಸರೇ ಇದೆ,
ಕಾಗದ ಸಾಂತಿಯಾಗೋದಲ್ಲಿ ಯಾರದೋ ಮೇಜಿನ ಮೇಲೆ.
ಗಣಿತದ ಮೇಷ್ಟ್ರು ಬರೀ ಮನೆತನದ ಹೆಸರು ಕೂಗಿ ಜಾರಿಕೊಳ್ಳುತ್ತಾರೆ.

ಈಗ ಅಕ್ಟೋಬರ್. ಗಾಳಿಗೆ ಅಂಜಿ
ಬೀದಿಬದಿಗೆ ಹಗ್ಗ ಕಟ್ಟಿದೆ ಊರು;
ಮುದುಕರು, ಪುಂಡರು, ಪಾದ್ರಿ, ಎಲ್ಲರಿಗೂ ಒಂದೇ ಹಗ್ಗ,
ಹಿಡಿದು ಓಡುತ್ತಾನೆ ಅವನೂ, ಖಾಲಿ ಬಾಟಲಿ ಚೀಲದಲ್ಲಿ ಕುಣಿಯುತ್ತ.

ನಿನ್ನೆ ಟೋಪಿಯ ಬಾಗಿಲ ಒಳಮೈಯಲ್ಲಿ,
ಹತ್ತಾರು ಗೀಚುಗಳ ನಡುವೆ ಹೊಸದೊಂದು ಕಂಡೆ:
ಆನ್ಸೆಲ್ಮೊ ಇಲ್ಲಿ ಬಂದಿದ್ದ.
ಮೊಳೆಯಲ್ಲಿ ಕೆತ್ತಿದ್ದಾನೆ, ಕಳ್ಳ, ಆಳವಾಗಿ.
ಉಜ್ಜಿ ಬಣ್ಣ ಬಳಿಯುವುದು ನನ್ನ ಕೆಲಸ.

ಬಳಿಯುತ್ತೇನೆ. ರಜೆ ಬರಲಿ.